ಮಾದರಿ ಹಲ್ಲು

ಮಿಷಿನ್‌ನವನು ಹೂವಿನ ಪಾತಿಯ ಮೇಲೆ ಲೋಹ ಹುಡುಕುವ ಯಂತ್ರದ ತಟ್ಟೆ ಆಡಿಸಿದ್ದೇ ತಡ, ಅದು ಬಾಯಿ ಬಡಿದುಕೊಳ್ಳತೊಡಗಿತು. ಪಾತಿ ಬಿಟ್ಟು ನಲ್ಲಿಯ ಹತ್ತಿರ ಹೋದ, ಅಲ್ಲೂ ಅದೇ ಗೋಳು. ಗೇಟಿನ ಬಳಿಯಂತೂ ಕಿವಿ ಮುಚ್ಚಿಕೊಳ್ಳಬೇಕಾಯಿತು. ನೆಲದಡಿಯ ಪೈಪು ಹುಡುಕುವುದು ಅವನ ಕಸುಬು. ಇಪ್ಪತ್ತು ವರ್ಷದಲ್ಲಿ ಇಂಥ ಹಾಳು ಮಣ್ಣು ಕಂಡಿರಲಿಲ್ಲ.

"ಈ ಜಾಗದಲ್ಲಿ ಮೊದಲು ಏನಿತ್ತಮ್ಮ?"

"ಕಮ್ಮಾರನ ಕುಲುಮೆ," ಎಂದಳು ಮೇಷ್ಟ್ರ ಹೆಂಡತಿ. "ಮೂರು ತಲೆಮಾರು ಇಲ್ಲೇ ಕಬ್ಬಿಣ ಬಡಿದಿದ್ದಾರೆ."

"ಹಾಗನ್ನಿ. ಇದು ಮಣ್ಣಲ್ಲ, ಕಬ್ಬಿಣದ ಪುಡಿ. ಮಿಷಿನ್ನಿನ ಕಿವಿ ಚುರುಕು ಮಾಡಿದ್ರೆ ಮಣ್ಣೇ ಕೂಗುತ್ತೆ, ಮಂದ ಮಾಡಿದ್ರೆ ಹಲ್ಲೂ ಕೂಗಲ್ಲ. ಬರೀ ಸಬ್ದ, ಅರ್ಥ ಇಲ್ಲ."

"ಫಬ್ದ ಅಲ್ಲಪ್ಪಾ," ಎಂದು ಮೇಷ್ಟ್ರು ತಿದ್ದಿದರು. "ಫಬ್ದ."

ಪಾಪ, ಅವರ ಮುಂದಿನ ನಾಲ್ಕು ಕಟ್ಟಿಸಿದ ಹಲ್ಲು, ಲೋಹದ ಪಟ್ಟಿ ಸಮೇತ, ಬೆಳಿಗ್ಗೆ ಪ್ಯಾಂಟು ಮಡಚಿಕೊಂಡು ಗಿಡಕ್ಕೆ ನೀರು ಹಾಕುವಾಗ ಬಂದ ಒಂದೇ ಸೀನಿಗೆ ಹಾರಿಹೋಗಿದ್ದವು. ಸಂಜೆ ನಾಲ್ಕಕ್ಕೆ ಹಳೆಯ ವಿದ್ಯಾರ್ಥಿಗಳು ಅವರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಮೂವತ್ತನಾಲ್ಕು ವರ್ಷ ಮಕ್ಕಳ ನಾಲಿಗೆಯ ಮೇಲೆ ಸ, ಶ, ಷಗಳನ್ನು ಬೇರೆ ಬೇರೆ ಕೂರಿಸಿದ ಮನುಷ್ಯ, ಈಗ ಅದೇ ಮಕ್ಕಳ ಮುಂದೆ ನಿಂತು 'ಫಭೆಗೆ ನಮಫ್ಕಾರ' ಅನ್ನುವುದೇ? ಹಲ್ಲು ಸಿಗದಿದ್ದರೆ ತಾನು ಹೋಗುವುದೇ ಇಲ್ಲ ಎಂದು ಹಠ ಹಿಡಿದಿದ್ದರು. ಹೆಂಡತಿ ಇಸ್ತ್ರಿ ಮಾಡಿಟ್ಟ ಕೋಟನ್ನು ಕಣ್ಣೆತ್ತಿಯೂ ನೋಡಿರಲಿಲ್ಲ.

ಬೇರೆ ದಿನವಾಗಿದ್ದರೆ ಹೆಂಡತಿ ಇದನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಒಂಬತ್ತು ವರ್ಷದಿಂದ ಮನೆಗೆ ಬಂದವರ ಮುಂದೆಲ್ಲ ಅವಳದು ಒಂದೇ ಮಾತು: "ನಮ್ಮನೆಯವರು ಎಲ್ಲರ ಹಾಗೆ ಬಾಯಿ ತೊಳೆಯಲ್ಲ, ಬಿಚ್ಚಿ ತೊಳೀತಾರೆ." ತನ್ನ ಬಾಯಲ್ಲಿ ಒಂದೂ ಅಲುಗಿಲ್ಲ ಎಂಬ ಜಂಬ ಬೇರೆ. ಇವತ್ತು ಮಾತ್ರ ಆ ಕೋಟಿನ ಕಡೆ, ಗಂಡನ ಮುಖದ ಕಡೆ ನೋಡುತ್ತಾ ಮೆಟ್ಟಿಲ ಮೇಲೆ ಕೂತಿದ್ದಳು.

"ಅದೇ ಲೋಹದ್ದು ಇನ್ನೊಂದು ಏನಾದ್ರೂ ಇದ್ರೆ ಕೊಡಿ," ಎಂದ ಮಿಷಿನ್‌ನವನು. "ನಾಲ್ಕು ಬೆರಳು ಆಳ ಹೂತು, ಈ ಮಣ್ಣಲ್ಲಿ ಅದು ಹೇಗೆ ಕೂಗುತ್ತೆ ಅಂತ ಕೇಳಿಸ್ಕೊಂಡು ಸೆಟ್ಟಿಂಗ್ ಕೂರಿಸ್ತೀನಿ." ಚಮಚ ಬಂತು, ಬೀಗದ ಕೈ ಬಂತು, ಕತ್ತರಿ ಬಂತು. ಯಾವುದೂ ಆಗಿಬರಲಿಲ್ಲ.

ಒಳಗೆ ಗಡಿಯಾರ ಹನ್ನೆರಡು ಹೊಡೆಯಿತು. "ಭಾಷಣದ ಕಾಗದ ಎಲ್ಲಿಟ್ಟಿದ್ದೀರಿ? ಹೋಗಿ ಹುಡುಕಿ," ಎಂದು ಅವಳು ಗಂಡನನ್ನು ಒಳಗಟ್ಟಿದಳು. ಆಮೇಲೆ ಗೋಡೆಯ ಕಡೆ ತಿರುಗಿದಳು. ಮತ್ತೆ ಇತ್ತ ತಿರುಗಿದಾಗ ಬಾಯಿಗೆ ಕರವಸ್ತ್ರ ಅಡ್ಡ ಇತ್ತು, ಅಂಗೈಯಲ್ಲಿ ಹಲ್ಲಿನ ಪಟ್ಟಿಯೊಂದಿತ್ತು. ಅದೇ ಡಾಕ್ಟರು, ಅದೇ ಲೋಹ. ಒಳಬಾಗಿಲ ಕಡೆ ಕಣ್ಣು ಹಾಯಿಸಿ, ತುಟಿಯ ಮೇಲೆ ಬೆರಳಿಟ್ಟಳು. ಮಿಷಿನ್‌ನವನು ಗಂಭೀರವಾಗಿ ತಲೆಯಾಡಿಸಿದ.

ಗುಲಾಬಿ ಗಿಡದ ಬುಡದಲ್ಲಿ ಅದನ್ನು ಹೂತು, ಗುರುತಿಗೆ ಕಡ್ಡಿ ನೆಟ್ಟ. ಮಿಷಿನ್ನಿನ ಗುಂಡಿ ತಿರುಗಿಸಿದ, ತಟ್ಟೆ ಎತ್ತಿ ಇಳಿಸಿದ, ಮತ್ತೆ ತಿರುಗಿಸಿದ. ನೆಲದ ಗೊರಗೊರ ಮೆಲ್ಲಗೆ ಅಡಗಿ, ಅದರಡಿಯಿಂದ ಸಣ್ಣಗೆ 'ಟುಂಯ್' ಎಂದಿತು. ಎಡದಿಂದ ಹೋದರೂ ಟುಂಯ್, ಬಲದಿಂದ ಬಂದರೂ ಟುಂಯ್. "ಕಬ್ಬಿಣ ಆ ಕಡೆಯಿಂದ ಒಂದು ಹೇಳಿ, ಈ ಕಡೆಯಿಂದ ಮಾತು ಬದಲಿಸುತ್ತೆ," ಎಂದು ಪಿಸುಗುಟ್ಟಿದ. "ಇದು ಬದಲಿಸಲ್ಲ."

ಅಷ್ಟರಲ್ಲಿ ಮೇಷ್ಟ್ರು ಬಂದರು. "ಫಿಕ್ತಾ?" ಎನ್ನುತ್ತ, ಕಡ್ಡಿಯಿಂದ ದೂರ ಪಾತಿಯ ಆ ತುದಿಗೆ ಹೋಗಿದ್ದ ಅವನ ಪಕ್ಕದಲ್ಲೇ ಬಗ್ಗಿ ನಿಂತರು. ಟುಂಯ್. ಅಗೆದರೆ ಏನೂ ಇಲ್ಲ. ಮೇಷ್ಟ್ರು ಅವನ ಹಿಂದೆಯೇ ಬಂದರು; ನಲ್ಲಿಯ ಬಳಿ ಟುಂಯ್, ಅಲ್ಲೂ ಬರೀ ಕೆಸರು. ಗೇಟಿನ ಹತ್ತಿರವೂ ಅದೇ ಕಥೆ. ನಾಲ್ಕನೆಯ ಗುಂಡಿಯ ಮುಂದೆ ಮಿಷಿನ್‌ನವನು ಸುಸ್ತಾಗಿ ಕುಕ್ಕರಿಸಿದ. ಮೆಟ್ಟಿಲ ಮೇಲಿದ್ದವಳು ಮಾತಾಡುವಂತಿಲ್ಲ, ಒಂದೇ ಸಮನೆ ಗಂಡನ ಕಾಲಿನತ್ತ ಕೈ ತೋರಿಸುತ್ತಿದ್ದಳು. ಅವನು ತಟ್ಟೆಯನ್ನು ಮೇಷ್ಟ್ರ ಬಲಗಾಲಿಗೆ ಹಿಡಿದ.

ಟುಂಯ್.

ಮಡಚಿದ ಪ್ಯಾಂಟನ್ನು ಬಿಚ್ಚಿ ಕೊಡವಿದಾಗ ಒಂದು ಹಿಡಿ ಮಣ್ಣಿನ ಜೊತೆ ನಾಲ್ಕು ಹಲ್ಲು ಉದುರಿದವು.

"ಸಿಕ್ಕೇಬಿಡ್ತು! ಅಮ್ಮಾ, ಇರಿ, ನಿಮ್ಮದನ್ನೂ ಅಗೆದು ಕೊಟ್ಟುಬಿಡ್ತೀನಿ," ಎಂದು ಮಿಷಿನ್‌ನವನು ಖುಷಿಯಲ್ಲಿ ಕೂಗಿಬಿಟ್ಟ. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಮೇಷ್ಟ್ರು ಬಗ್ಗಿ ಹಲ್ಲು ಹೆಕ್ಕಿಕೊಂಡರು. ನಲ್ಲಿಯಲ್ಲಿ ಹಲ್ಲು ತೊಳೆದರು, ಕೂರಿಸಿಕೊಂಡರು, ನಾಲಿಗೆಯಿಂದ ಒಮ್ಮೆ ಮುಟ್ಟಿ ನೋಡಿಕೊಂಡರು. ಆಮೇಲೆ ಹೆಂಡತಿಯ ಪಕ್ಕ ಮೆಟ್ಟಿಲ ಮೇಲೆ ಕೂತರು.

"ನಿನ್ನದು ಸರಿಯಾಗಿ ಕೂತಿದೆಯಾ ಅಂತ ಡಾಕ್ಟರು ನನ್ನನ್ನೇ ಕೇಳಿದ್ರು. ಆಗಲೇ ಆರು ವರ್ಷ ಆಯ್ತು."

ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಅವಳು ಕಣ್ಣಲ್ಲೇ ಕೇಳಿದಳು.

"ಆವತ್ತಿನಿಂದ ನಗೋವಾಗೆಲ್ಲ ಬಾಯಿಗೆ ಕೈ ಅಡ್ಡ ಇಡ್ತೀಯ. ನನ್ನ ಹಲ್ಲನ್ನ ಆಡಿಕೊಳ್ಳೋವಾಗ ಮಾತ್ರ ಮರೆತುಬಿಡ್ತೀಯ. ಆ ನಗು ಯಾಕೆ ಕಳ್ಕೊಳ್ಳಲಿ ಅನ್ನಿಸ್ತು."

ಕರವಸ್ತ್ರ ಮೆಲ್ಲಗೆ ಕೆಳಗಿಳಿಯಿತು.

"ಫಾಕು, ಫುಮ್ನಿರಿ," ಎಂದಳು.

ಮೇಷ್ಟ್ರು ತಿದ್ದಲಿಲ್ಲ.