ಸೂರ್ಯಕಾಂತಿಯ ಸುರುಳಿಗಳು

ಒಣಗಿದ ಸೂರ್ಯಕಾಂತಿಯ ವಾಸನೆ ಬಂದರೆ ಈಗಲೂ ನನಗೆ ನಮ್ಮೂರು ಪಾಲಬಾವಿಯ ಆ ಮಧ್ಯಾಹ್ನ ನೆನಪಾಗುತ್ತದೆ. ಅಕ್ಕನನ್ನು ನೋಡಲು ಗಂಡಿನವರು ಬಂದಾಗ ಅವಳು ಅಂಗಳದಲ್ಲಿ ಒಣ ಹೂ ಬಡಿದು ಕಾಳು ಬಿಡಿಸುವುದನ್ನು ಬಿಟ್ಟು, ಒಂದು ಹೂವಿನೊಳಗಿನ ಕಾಳಿನ ಸುರುಳಿಗಳನ್ನು ಎಣಿಸುತ್ತ ಕುಳಿತಿದ್ದಳು.

"ನೋಡಲೇ ತಮ್ಮಾ, ಎಡಕ್ಕ ತಿರುಗಿದ ಸಾಲು ಕಡಿಮಿ, ಬಲಕ್ಕ ಹೆಚ್ಚ. ಯಾಕಂತ ನಾಳೆ ಸಾಲ್ಯಾಗ ಕೇಳ್ತೀನಿ."

ಅದು ಗಿಡ-ಹೂಗಳ ಬೆಳವಣಿಗೆಯಲ್ಲಿ ಕಾಣುವ ಸುವರ್ಣ ಅನುಪಾತದ ಲೆಕ್ಕವೆಂದು ನಾನು ಕಲಿತದ್ದು ವಿಶ್ವವಿದ್ಯಾಲಯದಲ್ಲಿ. ಆಮೇಲೆ ನಾನೇ ಎಡ-ಬಲದ ಆ ಮಾತನ್ನು ನೆನಪಿನಲ್ಲಿ ಅವಳ ಬಾಯಿಂದ ಆಡಿಸಿದೆನೋ ಏನೋ.

ಸೀರೆ ಉಟ್ಟು ಬಂದು ಕುಳಿತ ಅಕ್ಕ, "ನಾ ಇನ್ನೂ ಓದತೀನ್ರಿ" ಎಂದಳು.

"ನಮ್ಮನ್ಯಾಗ ಕಾಳು ಬಡ್ಯೂದೈತಿ ಬೇ, ಎಣಸೂದಲ್ಲ" ಎಂದರು ಗಂಡಿನ ತಾಯಿ.

ಎಲ್ಲರೂ ನಕ್ಕರು. ಅಕ್ಕನ ಶಾಲೆ ಅಂದಿಗೇ ಮುಗಿಯಿತು. ಅವಳೂ ನಕ್ಕಳೆಂದು ನನ್ನ ನೆನಪು. ಆ ನೆನಪೊಂದಾದರೂ ಸುಳ್ಳಾಗಿರಲಿ.