ಗ್ಯಾರೇಜಿಗೆ ಎಳೆದ ತಂತಿ

ಅಂಗಡಿಯಲ್ಲಿ ಹೊಸ ಪ್ಲಾಸ್ಟಿಕ್ ಪೈಪಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಅಂಗೈ ಬೆವರುತ್ತದೆ.

ಆಗ ನನಗೆ ಆರು ವರ್ಷ. ಅಪ್ಪನಿಗೆ ಧಾರವಾಡದಿಂದ ಬರೋಡಾಕ್ಕೆ ವರ್ಗವಾಗಿ, ನಾವೆಲ್ಲ ಅಲ್ಲಿಯ ಮನೆಯೊಂದಕ್ಕೆ ಬಂದಿದ್ದೆವು. ಒಂದು ಬೇಸಿಗೆಯ ಮಧ್ಯಾಹ್ನ ಅವರು ಗ್ಯಾರೇಜಿಗೆ ದೀಪ ಹಾಕಲೆಂದು ಮೇನ್ ಸ್ವಿಚ್ಚು ಆರಿಸಿ, ಸ್ಟೂಲು ಹತ್ತಿ, ಗೋಡೆಗೆ ಕೂರಿಸಿದ ಹೊಸ ಪ್ಲಾಸ್ಟಿಕ್ ಪೈಪಿನೊಳಗೆ, ಮನೆಯ ಲೈನಿಗೆ ಜೋಡಿಸಿದ್ದ ತಂತಿ ತೂರಿಸುತ್ತಿದ್ದರು. ಅವ್ವ ಎರಡೂ ಕೈಯಲ್ಲಿ ಸ್ಟೂಲು ಹಿಡಿದು ನಿಂತಿದ್ದಳು. "ಮೇನ್ ಮುಟ್ಟಬ್ಯಾಡವಾ," ಎಂದು ಅಪ್ಪ ನನಗೆ ಮೊದಲೇ ಹೇಳಿದ್ದರು.

ಒಳಗೆ ಫ್ಯಾನು ನಿಂತು, ತೊಟ್ಟಿಲಲ್ಲಿದ್ದ ತಮ್ಮ ಸೆಕೆಗೆ ಅಳತೊಡಗಿದ. ನಾನು ಕುರ್ಚಿ ಹತ್ತಿ ಮೇನಿನ ಹಿಡಿಯನ್ನು ಮೇಲೆತ್ತಿದೆ. ಫ್ಯಾನು ತಿರುಗಿತು. ಗ್ಯಾರೇಜಿನಿಂದ ಅವ್ವ ಚೀರಿದ್ದು ಕೇಳಿತು.

ಓಡಿಹೋಗಿ ನೋಡಿದರೆ ಅಪ್ಪ ಕಣ್ಣು ಮುಚ್ಚಿ ನೆಲದ ಮೇಲೆ ಬಿದ್ದಿದ್ದರು. ಬೆರಳ ತುದಿಗಳು ಕಪ್ಪಾಗಿದ್ದವು. ಅವ್ವ ಅವರ ಎದೆ ತಿಕ್ಕುತ್ತ ಹೆಸರು ಹಿಡಿದು ಕೂಗುತ್ತಿದ್ದಳು. ಅಪ್ಪನ ಹೆಸರನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ನಾನು ಬಾಗಿಲು ಹಿಡಿದು ನಿಂತೆ.

ಬಹಳ ಹೊತ್ತಿನ ಮೇಲೆ ಅಪ್ಪ ಕಣ್ಣು ತೆರೆದರು. "ಮೇನ್ ಯಾರು ಹಾಕಿದ್ರು?"

ಅವ್ವ ನನ್ನತ್ತ ತಿರುಗಲಿಲ್ಲ. "ನಾನೇ ಮರ್ತು ಹಾಕೀನ್ರಿ."

ಅಪ್ಪ ಅವಳನ್ನು ನೋಡಿದರು, ಆಮೇಲೆ ನನ್ನನ್ನು.

"ಆತು ಬಿಡು. ಇನ್ನ ಮ್ಯಾಲೆ ನೋಡಿ ಹಾಕು," ಎಂದು ಅವಳಿಗೇ ಹೇಳಿದರು.