ಚಿಪ್ಪಿನೊಳಗಿನ ಹೆಸರು

ಮಾಘದ ಚಳಿ, ಬೆಳಗಿನ ಆರು ಗಂಟೆ. ಮುಖ ತೊಳೆಯಲು ಹಿತ್ತಲಿಗೆ ಬಂದ ಕೃತಿಕಾ ಬಚ್ಚಲೊಲೆಯ ಮುಂದೆ ನಿಂತುಬಿಟ್ಟಳು. ಒಲೆಯಲ್ಲಿ ತೆಂಗಿನ ಚಿಪ್ಪುಗಳು ಉರಿಯುತ್ತಿದ್ದವು. ಅವಳ ಚಿಪ್ಪುಗಳೇ. ಪಕ್ಕದ ಮೊರದಲ್ಲಿ ಹೆಬ್ಬೆರಳುದ್ದದ ಒಂಬತ್ತು ಮಣ್ಣಿನ ಗೊಂಬೆಗಳು ಸಾಲಾಗಿ ಮಲಗಿದ್ದವು. ಒಂದರ ಬಣ್ಣವೂ ಕಿತ್ತುಹೋಗಿರಲಿಲ್ಲ.

“ಬಣ್ಣ ಒಣಗಿತ್ತಲ್ಲವ್ವಾ, ಕಿತ್ತಿಟ್ಟೆ,” ಎಂದಳು ಅಜ್ಜಿ ನಿಂಗಮ್ಮ, ಬೆಂಕಿಯನ್ನು ಒಳಕ್ಕೆ ತಳ್ಳುತ್ತ. “ಚಿಪ್ಪು ಸುಮ್ನೆ ಬಿದ್ದಿದ್ವು.”

ಸುಮ್ಮನೆ ಬಿದ್ದಿರಲಿಲ್ಲ. ಗೊಂಬೆಯನ್ನು ಕೈಯಲ್ಲಿ ಹಿಡಿದರೆ ಹಸಿ ಬಣ್ಣ ಕೆಡುತ್ತದೆಂದು ಕೃತಿಕಾ ಒಂದೊಂದನ್ನೂ ಒಂದೊಂದು ಬೋರಲು ಚಿಪ್ಪಿನ ಮೇಲೆ ಮೇಣ ಹಾಕಿ ಕೂರಿಸಿದ್ದಳು. ಚಿಪ್ಪು ಹಿಡಿದು ತಿರುಗಿಸುತ್ತ ಬಳಿದರೆ ಗೊಂಬೆಗೆ ಬೆರಳು ತಾಗುವುದಿಲ್ಲ. ಒಣಗಿದ ಮೇಲೆ ಕಿತ್ತು, ಹಲಗೆಯ ಮೇಲೆ ಗಟ್ಟಿ ಅಂಟಿನಲ್ಲಿ ಕೂರಿಸಿದರೆ ಕೆಲಸ ಮುಗಿಯಿತು. ಯಾವುದು ಯಾರೆಂದು ತಿಳಿಯಲು ಚಿಪ್ಪಿನ ಒಳಗೆ ಸೀಮೆಸುಣ್ಣದಲ್ಲಿ ಹೆಸರು ಬರೆದಿದ್ದಳು. ಗೊಂಬೆಗಳ ಮೇಲೆ ಏನೂ ಬರೆದಿರಲಿಲ್ಲ.

ಹಲಗೆ ತಾತ ರಂಗಪ್ಪನಿಗೆ. ನೊಣವಿನಕೆರೆ ಹತ್ತಿರದ ಈ ಮನೆಯ ಅಂಗಳದಲ್ಲಿ, ತಾನು ಮದುವೆಯಾದ ವರ್ಷ, ಅಟ್ಟದಿಂದ ಇಳಿಸಿದ ಕಾಯಿ ಸುಲಿದು ಕೊಬ್ಬರಿ ತೆಗೆಯಲು ಕೂತಿದ್ದವರನ್ನೆಲ್ಲ ಒಮ್ಮೆ ಹಾಗೇ ನೋಡಬೇಕು ಎಂದಿದ್ದ. ತನ್ನದೂ ಸೇರಿ ಎಂಟು ಜನರ ಚಹರೆಯನ್ನು ಅವನೇ ಕೂತು ಹೇಳಿ ಮಾಡಿಸಿದ್ದ. ಒಂಬತ್ತನೆಯವಳ ಚಹರೆಯನ್ನು ಅಜ್ಜಿ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದ್ದಳು. ಅವಳು ತಾತನ ತಂಗಿ ಸಿದ್ದಮ್ಮ. ಮನೆಯವರು ಗೊತ್ತು ಮಾಡಿದ್ದ ಗಂಡನ್ನು ಬಿಟ್ಟು, ತಾನು ಮೆಚ್ಚಿದವನ ಹಿಂದೆ ಮಾಯಸಂದ್ರಕ್ಕೆ ಹೋದವಳು. ಅದಾಗಿ ನಲವತ್ತೇಳು ವರ್ಷ, ಈ ಮನೆಯಲ್ಲಿ ಯಾರೂ ಆ ಹೆಸರು ಎತ್ತಿರಲಿಲ್ಲ. ಹಿಂದಿನ ಸಂಜೆ ರಂಗಪ್ಪ ಒಂದು ಚಿಪ್ಪನ್ನು ಮಗುಚಿ ಅದೇ ಹೆಸರು ಓದಿದ. ಯಾರನ್ನೂ ಬೈಯಲಿಲ್ಲ. ನಾಳೆ ಅಂಟಿಸುವಾಗ ಇದೊಂದು ಬೇಡ ಎಂದು ಕೆಳಗಿಟ್ಟು ಎದ್ದು ಹೋದ.

ಈಗ ಮೊರ ಅವನ ಮುಂದಿತ್ತು. ಏಳು ಜನರನ್ನು ಗುರುತಿಸುವುದು ಕಷ್ಟವಾಗಲಿಲ್ಲ. ಅವನ ಅಪ್ಪನಿಗೆ ರುಮಾಲು, ಅವ್ವನಿಗೆ ಗೂನು, ಚಿಕ್ಕಪ್ಪ ಕುಂಟ. ಉಳಿದದ್ದು ಎರಡು. ಎರಡೂ ಬಡಕಲು ಹೆಣ್ಣು, ಎರಡಕ್ಕೂ ಕೆಂಪು ಸೀರೆ, ಹಳದಿ ಅಂಚು. ಒಂದೇ ಅಚ್ಚಿನಲ್ಲಿ ಒತ್ತಿದ್ದೆ, ಅಜ್ಜಿ ಇಬ್ಬರದೂ ಒಂದೇ ಬಣ್ಣ ಅಂದಿದ್ದರು ಎಂದು ಕೃತಿಕಾ ತಡವರಿಸಿದಳು. ಅವಳಿಗೂ ಈಗ ತಿಳಿಯುತ್ತಿರಲಿಲ್ಲ.

ರಂಗಪ್ಪ ಕನ್ನಡಕ ಹಾಕಿಕೊಂಡು ಒಂದನ್ನು ಎತ್ತಿದ, ಇಟ್ಟ, ಇನ್ನೊಂದನ್ನು ಎತ್ತಿದ, ಆಮೇಲೆ ಎರಡು ಕೈಯಲ್ಲಿ ಎರಡನ್ನೂ ಹಿಡಿದ. ಆ ಕಾಲಕ್ಕೂ ಹೀಗೇ ಆಗುತ್ತಿದ್ದದ್ದು ಅವನಿಗೆ ನೆನಪಾಯಿತು. ತಿಪಟೂರು ಸಂತೆಯಲ್ಲಿ ಅವನೇ ಒಂದೇ ಥರದ ಎರಡು ಸೀರೆ ತಂದಿದ್ದ. ಹಿಂದಿನಿಂದ ಕಂಡು ಹೆಂಡತಿಯೆಂದು ತಂಗಿಯನ್ನು ಬೀಡಿಗೆ ಬೆಂಕಿ ಕೇಳಿದ್ದ. ತಿಂಗಳುಗಟ್ಟಲೆ ಅತ್ತಿಗೆ ನಾದಿನಿ ಇಬ್ಬರೂ ಅದನ್ನೇ ಆಡಿಕೊಂಡು ನಕ್ಕಿದ್ದರು.

“ನಿಂಗೀ, ನೀನ್ಯಾವುದೇ ಇದ್ರಾಗೆ?”

“ನಂಗೇನ್ ಗೊತ್ತು? ಆಗ ಇಬ್ರೂ ಹಿಂಗೇ ಇದ್ವಿ.”

ಎಡಗೈಯದನ್ನು ತೆಗೆದು ಪಕ್ಕಕ್ಕಿಡಲು ಹೋದ ಅವನ ಕೈ ಅರ್ಧದಲ್ಲೇ ನಿಂತಿತು. ಅದು ನಿಂಗಮ್ಮನೇ ಆಗಿದ್ದರೆ? ಬಲಗೈಯದನ್ನು ನೋಡಿದ. ಅದೂ ಅಷ್ಟೇ.

“ಅಷ್ಟು ಅನುಮಾನ ಇದ್ರೆ ಇಬ್ರನ್ನೂ ತಗುದ್ಬುಡಿ,” ಎಂದಳು ನಿಂಗಮ್ಮ.

“ನೀನಿಲ್ದೆ ಅದೆಂಥ ಅಂಗಳನೇ?”

“ಹಂಗಾದ್ರೆ ಇಬ್ರೂ ಇರ್ಲಿ.”

ಅವನು ಎರಡನ್ನೂ ಮತ್ತೆ ಮೊರದಲ್ಲಿಟ್ಟ. ಪಕ್ಕದಲ್ಲಿಟ್ಟಿದ್ದ ಕಾಫಿ ಆರಿತು. ಕಡೆಗೆ, ತನ್ನ ಗೊಂಬೆಯ ಈ ಕಡೆ ಒಬ್ಬಳನ್ನು, ಆ ಕಡೆ ಒಬ್ಬಳನ್ನು ಕೂರಿಸೆಂದು ಮೊಮ್ಮಗಳಿಗೆ ಹೇಳಿದ. ಅಂಟು ಹಿಡಿದ ಮೇಲೂ ಅವನ ಗೊಂದಲ ತೀರಲಿಲ್ಲ. ಎರಡು ದಿನ ಜಗಲಿಯಲ್ಲಿ ಹಲಗೆ ಮುಂದಿಟ್ಟುಕೊಂಡು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋಡುತ್ತ ಕೂತ. ಎರಡನೆಯ ದಿನ ಸಂಜೆ, ಯಾರನ್ನೂ ಕೇಳಿದಂತಲ್ಲದೆ, ಅವಳಿಗೆ ಈಗ ಮೊಮ್ಮಕ್ಕಳಿರಬಹುದಾ ಎಂದ. ಮೂವರು ಎಂದಳು ನಿಂಗಮ್ಮ, ಒಳಗಿನಿಂದಲೇ.

ಬುಧವಾರ ಕೃತಿಕಾ ತಿಪಟೂರಿಗೆ ವಾಪಸು ಹೊರಟಳು. ಒಣಹಾಕಿದ್ದ ಬಟ್ಟೆ ತರಲು ಹಿತ್ತಲಿಗೆ ಹೋದಾಗ ಬಚ್ಚಲೊಲೆಯ ಪಕ್ಕ ಸೂರಿನವರೆಗೆ ಒಟ್ಟಿದ್ದ, ಕಾಯಿ ಸುಲಿದ ಒಣ ಮಟ್ಟೆ ಕಂಡಿತು. ಅದರಾಚೆ ಚಿಪ್ಪಿನ ಮೂಟೆಗಳು. ಇದ್ದಿಲು ಸುಡುವವರು ಬಂದು ದುಡ್ಡು ಕೊಟ್ಟು ಒಯ್ಯುವ ತನಕ ಯಾರೂ ಮುಟ್ಟಕೂಡದೆಂದು ಅಜ್ಜಿಯೇ ಬಾಯಿ ಹೊಲಿದಿಟ್ಟವು. ಈ ಒಲೆಯಲ್ಲಿ ಉರಿಯುತ್ತಿದ್ದದ್ದು ಯಾವಾಗಲೂ ಮಟ್ಟೆಯೇ. ಅಜ್ಜಿ ಒಂದು ಚಿಪ್ಪನ್ನಾದರೂ ಇದಕ್ಕೆ ಹಾಕಿದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

“ಅಜ್ಜೀ,” ಎಂದಳು.

“ಬಸ್ಸು ಬರೋ ಹೊತ್ತಾಯ್ತು, ನಡಿಯವ್ವಾ,” ಎಂದಳು ನಿಂಗಮ್ಮ, ಒಲೆಗೆ ಎರಡು ಮಟ್ಟೆ ತುರುಕುತ್ತ.